ಕಬ್ಬಿಣಕ್ಕೊಂದು ನ್ಯಾಯ, ಗೋಡೆಗೊಂದು ನ್ಯಾಯ

(ಇಗರ್ಜಿಯ ಶತಮಾನೋತ್ಸವದ ಪೂರ್ವಭಾವಿಯಾಗಿ ಧರ್ಮಕೇಂದ್ರದ ಸಭಾಭವನದಲ್ಲಿ ನಡೆದ ಉಪನ್ಯಾಸಮಾಲೆಯ ಮೂರನೆಯ ಭಾಷಣ. ಕೇಳಿದವರ ಅಪೇಕ್ಷೆಯ ಮೇರೆಗೆ ಇಲ್ಲಿ ಮುದ್ರಿಸಲಾಗಿದೆ.)



ಈ ಉಪನ್ಯಾಸಮಾಲೆಯಲ್ಲಿ ನನಗಿಂತ ಮೊದಲು ಮಾತನಾಡಿದವರು ವಿದ್ವಾಂಸರು. ಒಬ್ಬರು ನಮ್ಮ ಧರ್ಮಕೇಂದ್ರದ ಇತಿಹಾಸವನ್ನೂ ಇನ್ನೊಬ್ಬರು ದೈವಾರಾಧನೆಯಲ್ಲಿ ಸಂಗೀತಕ್ಕಿರುವ ಸ್ಥಾನವನ್ನೂ ಕುರಿತು ಹೃದಯಂಗಮವಾಗಿ ಹೇಳಿದರು. ನಾನು ವಿದ್ವಾಂಸನಲ್ಲ. ಹಡಗುಕಟ್ಟೆಗಳಲ್ಲಿಯೂ ಸೇತುವೆಗಳ ಮೇಲೆಯೂ 34 ವರ್ಷಗಳ ಕಾಲ ಕಬ್ಬಿಣದ ತುಕ್ಕು ತೆಗೆಸಿ ಬಣ್ಣ ಹೊಡೆಸುವುದೇ ನನ್ನ ವೃತ್ತಿಯಾಗಿತ್ತು. ಅಂಥವನಿಗೆ ಈ ವೇದಿಕೆಯಲ್ಲಿ ಏನು ಕೆಲಸವೆಂದು ತಮ್ಮಲ್ಲಿ ಯಾರಿಗಾದರೂ ಅನಿಸಿದರೆ ಅದರಲ್ಲಿ ತಪ್ಪಿಲ್ಲ.

ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಹಬ್ಬಕ್ಕೆ ಮುಂಚೆ ಇಗರ್ಜಿಯ ಹೊರಮೈಯನ್ನು ಶುಚಿಗೊಳಿಸಬೇಕೆಂದು ದುರಸ್ತಿ ಸಮಿತಿಯವರು ನಿಶ್ಚಯಿಸಿರುವುದು ತಮಗೆಲ್ಲ ತಿಳಿದಿದೆ. ಮುಂಭಾಗದ ಗೋಡೆ, ಗಂಟೆಗೋಪುರ, ಕಿಟಕಿಯ ಸರಳು ಎಲ್ಲವನ್ನೂ ಸ್ಯಾಂಡ್‌ಬ್ಲಾಸ್ಟಿಂಗ್ ಮಾಡಿ, ಹನ್ನೆರಡು ದಿನಗಳಲ್ಲಿ ‘ಹೊಸದರ ಹಾಗೆ’ ಮಾಡಿಕೊಡುತ್ತೇವೆಂದು ಒಬ್ಬ ಗುತ್ತಿಗೆದಾರರು ಪತ್ರ ಬರೆದಿದ್ದಾರೆ. ದರವೂ ಕಡಿಮೆ. ಈ ವಿಷಯದಲ್ಲಿ ನನ್ನ ಅಭಿಪ್ರಾಯವೇನೆಂದು ಸಮಿತಿಯವರು ಕೇಳಿದರು. ಹಣ ಎಲ್ಲರದು, ಇಗರ್ಜಿಯೂ ಎಲ್ಲರದು. ಆದುದರಿಂದ ಅಭಿಪ್ರಾಯವನ್ನೂ ಎಲ್ಲರ ಮುಂದೆಯೇ ಹೇಳುವೆನೆಂದು ಒಪ್ಪಿಕೊಂಡೆ.

ಸ್ಯಾಂಡ್‌ಬ್ಲಾಸ್ಟಿಂಗ್ ಎಂದರೇನು? ಕಂಪ್ರೆಸರಿನಿಂದ ಬರುವ ಒತ್ತಡದ ಗಾಳಿಯಲ್ಲಿ ಮರಳನ್ನೋ ಅಂಥದೇ ಗಟ್ಟಿ ಹರಳನ್ನೋ ಬೆರೆಸಿ, ರಬ್ಬರಿನ ಕೊಳವೆಯ ತುದಿಯಲ್ಲಿರುವ ನಾಜಲಿನ ಮೂಲಕ ವಸ್ತುವಿನ ಮೈಮೇಲೆ ಎರಚುವುದು. ಪ್ರತಿಯೊಂದು ಕಣವೂ ಒಂದು ಪುಟ್ಟ ಉಳಿಯಂತೆ ಬಂದು ಹೊಡೆಯುತ್ತದೆ. ಅಮೆರಿಕದ ಫಿಲಡೆಲ್ಫಿಯಾ ನಗರದ ಬೆಂಜಮಿನ್ ಟಿಲ್ಗ್‌ಮನ್ ಎಂಬವರು 1870ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದರು. ಒಬ್ಬ ಆಳು ತಂತಿಬ್ರಷ್ಷು ಹಿಡಿದು ದಿನವೆಲ್ಲ ಉಜ್ಜಿದರೂ ಆಗದ ಕೆಲಸವನ್ನು ಈ ಯಂತ್ರ ಕೆಲವೇ ನಿಮಿಷಗಳಲ್ಲಿ ಮಾಡಿ ಮುಗಿಸುತ್ತದೆ. ನಾನು ಇದರ ಅನ್ನ ತಿಂದವನು. ಆದುದರಿಂದ ಇದನ್ನು ಹಳಿಯುವುದಕ್ಕಾಗಿ ಇಲ್ಲಿ ನಿಂತಿಲ್ಲ. ಯಾವುದಕ್ಕೆ ಇದು ಬೇಕು, ಯಾವುದಕ್ಕೆ ಬೇಡ ಎಂಬ ವಿವೇಕವನ್ನು ತಮ್ಮ ಮುಂದಿಡುವುದಷ್ಟೇ ನನ್ನ ಉದ್ದೇಶ.

ಮೊದಲು ಕಬ್ಬಿಣದ ಮಾತು. ಕಬ್ಬಿಣಕ್ಕೆ ತನ್ನದೆಂಬ ರಕ್ಷಣೆಯ ಚರ್ಮವಿಲ್ಲ. ಗಾಳಿಯೂ ತೇವವೂ ತಗುಲಿದೊಡನೆ ತುಕ್ಕು ಹಿಡಿಯುತ್ತದೆ. ಆ ತುಕ್ಕು ಕಬ್ಬಿಣವನ್ನು ಕಾಯುವುದಿಲ್ಲ, ಸ್ಪಂಜಿನಂತೆ ತೇವವನ್ನು ಹಿಡಿದಿಟ್ಟು ಒಳಗೊಳಗೇ ಇನ್ನಷ್ಟು ತಿನ್ನುತ್ತದೆ. ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗವನ್ನು ಆಕ್ರಮಿಸುವುದರಿಂದ, ಮೇಲೆ ಹೊಡೆದ ಬಣ್ಣವನ್ನು ಉಬ್ಬಿಸಿ ಎಬ್ಬಿಸುತ್ತದೆ. ಗೋಡೆಯಲ್ಲಿ ನೆಟ್ಟ ಸರಳಾದರೆ ಕಲ್ಲನ್ನೇ ಸೀಳುತ್ತದೆ. ಹೊಸ ಉಕ್ಕಿನ ಮೈಮೇಲೆ ಗಿರಣಿಯಿಂದಲೇ ಬರುವ ನೀಲಿಗಪ್ಪು ಬಣ್ಣದ ಹೊಪ್ಪಳೆಯನ್ನೂ ನಂಬಬಾರದು. ಅದು ನೋಡಲು ಗಟ್ಟಿ. ಆದರೆ ಬಿರುಕು ಬಿಟ್ಟ ಕಡೆ ತೇವ ಸೇರಿದರೆ ಹೊಪ್ಪಳೆಗೂ ಉಕ್ಕಿಗೂ ನಡುವೆ ವಿದ್ಯುತ್ಕೋಶದಲ್ಲಿ ನಡೆಯುವಂಥ ಕ್ರಿಯೆಯೇ ನಡೆದು, ಪಕ್ಕದ ಉಕ್ಕು ಗುಳಿಗುಳಿಯಾಗಿ ಸವೆಯುತ್ತದೆ.

ಹೀಗಾಗಿ ಕಬ್ಬಿಣಕ್ಕೆ ಬಣ್ಣ ಹೊಡೆಯುವ ಮೊದಲು ಅದನ್ನು ಬರಿಮೈ ಮಾಡಲೇಬೇಕು. ಬಣ್ಣ ಬಾಳುವುದು ಬಣ್ಣದ ಡಬ್ಬಿಯ ಬೆಲೆಯಿಂದಲ್ಲ, ಕೆಳಗಿನ ಮೈಯನ್ನು ಸಿದ್ಧಪಡಿಸಿದ ರೀತಿಯಿಂದ. ಸ್ವೀಡನ್ ದೇಶದವರು ಇದಕ್ಕೊಂದು ಮಾನದಂಡವನ್ನು ರೂಪಿಸಿದರು. ಅದೇ ಮುಂದೆ ಅಂತರರಾಷ್ಟ್ರೀಯ ಮಾನದಂಡವಾಯಿತು. ನಮ್ಮ ಕೆಲಸದವರು ಅದನ್ನು ‘ಎಸ್‌ಎ ಎರಡೂವರೆ’ ಎಂದು ಕರೆಯುತ್ತಾರೆ: ತುಕ್ಕು, ಹೊಪ್ಪಳೆ, ಹಳೆಯ ಬಣ್ಣ ಯಾವುದೂ ಉಳಿಯದೆ, ಅಲ್ಲಲ್ಲಿ ನೆರಳಿನಂಥ ಕಲೆ ಮಾತ್ರ ಕಾಣಬೇಕು. ಆ ಮೈ ನುಣುಪಾಗಿಯೂ ಇರಕೂಡದು. ಬಣ್ಣಕ್ಕೆ ಹಿಡಿತ ಸಿಗುವಷ್ಟು, ಒಂದು ಮಿಲಿಮೀಟರಿನ ಸಾವಿರದಲ್ಲಿ 40ರಿಂದ 75 ಭಾಗಗಳಷ್ಟು ತರಿ ಇರಬೇಕು. ನಮ್ಮಂಥ ಕಡಲತೀರದಲ್ಲಿ ಮೊದಲು ಸಿಹಿನೀರಿನಿಂದ ತೊಳೆದು ಉಪ್ಪನ್ನು ಕಳೆಯಬೇಕು. ಗಾಳಿಯ ಆರ್ದ್ರತೆ ಶೇಕಡಾ 85ನ್ನು ಮೀರಿದ ದಿನ ಕೆಲಸ ನಿಲ್ಲಿಸಬೇಕು. ಶುಚಿಯಾದ ಮೈಗೆ ಮತ್ತೆ ತುಕ್ಕು ಮೂಡುವ ಮೊದಲೇ, ಕೆಲವೇ ಗಂಟೆಗಳೊಳಗಾಗಿ, ಪ್ರೈಮರ್ ಬೀಳಬೇಕು.

ಇದರ ಫಲವೇನೆಂಬುದಕ್ಕೆ ಸ್ಕಾಟ್ಲೆಂಡಿನ ಫೋರ್ತ್ ಸೇತುವೆಯೇ ಸಾಕ್ಷಿ. 1890ರಲ್ಲಿ ತೆರೆದ ಆ ರೈಲು ಸೇತುವೆಗೆ ಬಣ್ಣ ಹೊಡೆಯುವ ಕೆಲಸ ಎಂದಿಗೂ ಮುಗಿಯದೆಂಬುದು ಇಂಗ್ಲಿಷ್ ಮಾತಿನಲ್ಲಿ ಗಾದೆಯೇ ಆಗಿತ್ತು. ಒಂದು ತುದಿ ಮುಗಿಯುವಷ್ಟರಲ್ಲಿ ಇನ್ನೊಂದು ತುದಿ ತುಕ್ಕು ಹಿಡಿಯುತ್ತದೆಂದು ಜನ ನಗುತ್ತಿದ್ದರು. ಹಳೆಯ ಬಣ್ಣದ ಮೇಲೆ ಹೊಸ ಬಣ್ಣ ಎಷ್ಟು ಸಾರಿ ಬಳಿದರೇನು? 2002ರಿಂದ 2011ರವರೆಗೆ ಅದನ್ನು ತುಂಡುತುಂಡಾಗಿ ಮುಚ್ಚಿಗೆಯೊಳಗೆ ಸೇರಿಸಿ, ಹಳೆಯ ಬಣ್ಣವನ್ನೆಲ್ಲ ಬ್ಲಾಸ್ಟಿಂಗ್‌ನಿಂದ ತೆಗೆದು, ಬರಿಯ ಉಕ್ಕಿನ ಮೇಲೆ ಗಾಜಿನ ಪುಡಿ ಸೇರಿದ ಎಪಾಕ್ಸಿ ಬಣ್ಣವನ್ನು ಕೂಡಿಸಿ ಮೂರು ಲೇಪ ಕೊಟ್ಟರು. ಸುಮಾರು 2,30,000 ಚದರ ಮೀಟರು ಮೈ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅದನ್ನು ಮುಟ್ಟಬೇಕಾಗಿಲ್ಲವೆಂಬ ಭರವಸೆಯಿಂದ ಸಾರುವೆ ಬಿಚ್ಚಿದರು. ಗಾದೆ ಸುಳ್ಳಾಯಿತು. ಕಬ್ಬಿಣದ ವಿಷಯದಲ್ಲಿ ಬ್ಲಾಸ್ಟಿಂಗ್ ಎಂಬುದು ಔಷಧ. ಇದರಲ್ಲಿ ನನಗೆ ಲೇಶವೂ ಸಂದೇಹವಿಲ್ಲ.

ಇನ್ನು ಗೋಡೆಯ ಮಾತು. ಕಬ್ಬಿಣಕ್ಕೆ ಅನ್ವಯಿಸುವ ನ್ಯಾಯ ಇಲ್ಲಿ ತಿರುಗುಮುರುಗಾಗುತ್ತದೆ. ಕಬ್ಬಿಣದ ಹೊರಪದರ ರೋಗವಾದರೆ, ಹಳೆಯ ಗೋಡೆಯ ಹೊರಪದರವೇ ಅದರ ಆರೋಗ್ಯ.

ನಮ್ಮ ಇಗರ್ಜಿಯ ಗೋಡೆ ಮುರಕಲ್ಲಿನದು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಕಲ್ಲನ್ನು ಕಂಡು ಬೆರಗಾಗಿ, 1807ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ‘ಲಾತೆರ್’ ಎಂದರೆ ಇಟ್ಟಿಗೆ. ನಮ್ಮವರು ಇದನ್ನೇ ಜಂಬಿಟ್ಟಿಗೆ ಎನ್ನುವುದನ್ನು ತಾವು ಬಲ್ಲಿರಿ. ನೆಲದೊಳಗಿರುವಾಗ ಕೊಡಲಿಯಿಂದ ಕಡಿಯುವಷ್ಟು ಮೆತ್ತಗಿದ್ದು, ಹೊರಗೆ ಬಂದು ಗಾಳಿ ಬಿಸಿಲು ಕಂಡ ಮೇಲೆ ಗಟ್ಟಿಯಾಗುವ ಇದರ ಗುಣವನ್ನು ಎರಡು ಹೆಸರುಗಳೂ ಸೂಚಿಸುತ್ತವೆ. ಆದರೆ ಗಟ್ಟಿಯಾಗುವುದು ಹೊರಮೈ. ಒಳಗೆ ಗೆದ್ದಲಿನ ಗೂಡಿನಂಥ ತೂತುಗಳಿದ್ದು, ಅವುಗಳಲ್ಲಿ ಮೃದುವಾದ ಜೇಡಿ ತುಂಬಿರುತ್ತದೆ. ಈ ಕಲ್ಲಿನ ಮೇಲೆ ಮರಳನ್ನು ಎರಚಿದರೆ ಗಟ್ಟಿಯಾದ ಪದರ ಹರಿದು, ಜೇಡಿ ಉದುರಿ, ಮಳೆನೀರಿಗೆ ಸಾವಿರ ಬಾಯಿ ತೆರೆದಂತಾಗುತ್ತದೆ. ಸುಟ್ಟ ಇಟ್ಟಿಗೆಯ ಕಥೆಯೂ ಇದೇ: ಬೆಂಕಿಯಲ್ಲಿ ಬೆಂದು ಗಟ್ಟಿಯಾದ ಹೊರಮೈ ಹೋದರೆ ಒಳಗಿನ ತಿರುಳು ನೀರು ಕುಡಿದು ಪುಡಿಯಾಗುತ್ತದೆ.

ಕಲ್ಲಿನ ಮೇಲಿರುವ ಸುಣ್ಣದ ಗಾರೆಯಾದರೋ ಇನ್ನೂ ಸೋಜಿಗದ ವಸ್ತು. ನಮ್ಮ ಹಿರಿಯರು ಹೊಳೆಯ ಚಿಪ್ಪನ್ನು ಸುಟ್ಟು ಸುಣ್ಣ ಮಾಡಿದರು. ಅದನ್ನು ನೀರಿನಲ್ಲಿ ಕೊಳೆಸಿ, ಬೆಲ್ಲದ ನೀರು ಬೆರೆಸಿ, ಅರೆದು ಗೋಡೆಗೆ ಮೆತ್ತಿದರು. ಸುಟ್ಟಾಗ ಚಿಪ್ಪು ಬಿಟ್ಟುಕೊಟ್ಟ ಇಂಗಾಲದ ವಾಯುವನ್ನು ಗಾರೆಯು ಗಾಳಿಯಿಂದ ಮತ್ತೆ ಹೀರಿಕೊಂಡು, ವರ್ಷಗಟ್ಟಲೆ ನಿಧಾನವಾಗಿ ಪುನಃ ಕಲ್ಲಾಗುತ್ತದೆ. ಈ ಕ್ರಿಯೆ ಹೊರಗಿನಿಂದ ಒಳಮುಖವಾಗಿ ಸಾಗುವುದರಿಂದ ಗಾರೆಯಲ್ಲಿ ಅತ್ಯಂತ ಬಲವಾದದ್ದು ಮೇಲಿನ ತೆಳುಪದರವೇ. ಮಳೆಗಾಲದಲ್ಲಿ ಒಳಸೇರಿದ ತೇವವನ್ನು ಬೇಸಗೆಯಲ್ಲಿ ಹೊರಗೆ ಬಿಡುವ ಉಸಿರಾಟವೂ ಇದರ ಮೂಲಕವೇ ನಡೆಯಬೇಕು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವನ್ನು ತಾವೆಲ್ಲ ನೋಡಿದ್ದೀರಿ. ಇಟಲಿಯ ಜೆಸ್ವಿತ್ ಸಹೋದರ ಆಂಟೋನಿಯೋ ಮೊಸ್ಕೇನಿಯವರು 1899ರಲ್ಲಿ ಆರಂಭಿಸಿ ಅಲ್ಲಿಯ ಗೋಡೆಗಳ ಮೇಲೆ ಬರೆದ ಭಿತ್ತಿಚಿತ್ರಗಳು ಹಸಿಯಾದ ಗಾರೆಯೊಳಗೆ ಬಣ್ಣವನ್ನು ಸೇರಿಸಿ ಬರೆದವು. ಅಲ್ಲಿ ಚಿತ್ರ ಬೇರೆ, ಗೋಡೆಯ ಚರ್ಮ ಬೇರೆ ಎಂದಿಲ್ಲ. ನಮ್ಮ ಗೋಡೆಯ ಮೇಲೆ ಚಿತ್ರವಿಲ್ಲ, ನಿಜ. ಆದರೆ ಚರ್ಮ ಅದೇ.

ಚರ್ಮ ಸುಲಿದರೆ ಏನಾದೀತು? ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ಸಂತ ಫ್ರಾನ್ಸಿಸ್ ಕ್ಸೇವಿಯರ್‌ರ ಪವಿತ್ರ ಶರೀರವಿರುವ ಹಳೆ ಗೋವೆಯ ಬೋಂ ಜೆಜೂಸ್ ಬಸಿಲಿಕಕ್ಕೆ ನಮ್ಮಲ್ಲಿ ಯಾತ್ರೆ ಹೋಗದವರು ವಿರಳ. 1594ರಲ್ಲಿ ಕಟ್ಟಲಾರಂಭಿಸಿ 1605ರಲ್ಲಿ ಪ್ರತಿಷ್ಠಾಪಿಸಿದ ಆ ಮಂದಿರ ಕೆಂಪುಕಲ್ಲಿನ ಮೈಯಿಂದ ನಿಂತಿರುವುದನ್ನು ಕಂಡು, ಮೊದಲಿನಿಂದಲೂ ಹಾಗೆಯೇ ಇತ್ತೆಂದು ನಾನು ಸಹ ಬಹುಕಾಲ ನಂಬಿದ್ದೆ. ಅದು ಹಾಗಲ್ಲ. ಮೂರೂವರೆ ಶತಮಾನಗಳ ಕಾಲ ಅದು ಸುಣ್ಣದ ಗಾರೆಯ ಬಿಳಿಯ ಉಡುಗೆಯಲ್ಲಿತ್ತು. 1950ರ ದಶಕದಲ್ಲಿ, ಪೋರ್ತುಗೀಸರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ, ಬಾಲ್ತಜಾರ್ ಕಾಸ್ತ್ರೊ ಎಂಬ ವಾಸ್ತುಶಿಲ್ಪಿಯ ನಿರ್ದೇಶನದಲ್ಲಿ ಆ ಗಾರೆಯನ್ನು ಕೆತ್ತಿ ತೆಗೆದರು. ಪುರಾತನವಾಗಿ ಕಾಣಲಿ ಎಂಬುದೇ ಉದ್ದೇಶ. ಅಂದಿನಿಂದ ಬರಿಯ ಮುರಕಲ್ಲು ಕೊಂಕಣದ ಮಳೆಗೆ ಒಡ್ಡಿಕೊಂಡು ಸವೆಯುತ್ತಿದೆ. ಮತ್ತೆ ಗಾರೆ ಹೊದಿಸಬೇಕೆಂದು ಈಚಿನ ವರ್ಷಗಳಲ್ಲಿ ಬಸಿಲಿಕದ ಗುರುಗಳೂ ತಜ್ಞರೂ ಬಹಿರಂಗವಾಗಿ ಕೇಳುವಂತಾಯಿತು. ಕಣ್ಣಿಗೆ ರೂಢಿಯಾದ ಕೆಂಪುಬಣ್ಣವನ್ನು ಬಿಡಲು ಒಪ್ಪದವರೂ ಇದ್ದಾರೆ. ಕೆಲವು ತಿಂಗಳಲ್ಲಿ ಸುಲಿದದ್ದನ್ನು ಮರಳಿ ಹೊದಿಸುವುದು ಎಷ್ಟು ಕಷ್ಟವೆಂಬುದನ್ನು ನೋಡಿರಿ. ಅಲ್ಲಿ ಸುಲಿದದ್ದು ಉಳಿಯಿಂದ. ಮರಳಿನ ಯಂತ್ರ ಅದನ್ನೇ ಇನ್ನೂ ಬೇಗ ಮಾಡುತ್ತದೆ, ಅಷ್ಟೆ.

ಪರರ ತಪ್ಪನ್ನು ಹೇಳಿ ನನ್ನದನ್ನು ಮುಚ್ಚಿಡುವುದು ಸರಿಯಲ್ಲ. 1983ರ ಬೇಸಗೆಯಲ್ಲಿ ನಾನು ಮುಂಬಯಿಯಲ್ಲಿ ಕಿರಿಯ ಮೇಲ್ವಿಚಾರಕನಾಗಿದ್ದೆ. ಬಂದರಿನ ಸಮೀಪ ಒಂದು ಹಳೆಯ ಕಟ್ಟಡ. ಅದರ ಕಿಟಕಿಗಳ ಸುತ್ತ ಪೋರಬಂದರಿನ ಮೃದುವಾದ ಸುಣ್ಣಶಿಲೆಯಲ್ಲಿ ಎಲೆ ಬಳ್ಳಿಗಳ ಕೆತ್ತನೆ. ಹೊಗೆ ಧೂಳಿನಿಂದ ಕಪ್ಪಾಗಿದ್ದ ಅದನ್ನು ಯಾರೋ ಗಣ್ಯರ ಆಗಮನಕ್ಕೆ ಮುಂಚೆ ಶುಚಿಗೊಳಿಸಬೇಕಾಗಿತ್ತು. ಹಡಗಿನ ತುಕ್ಕು ತೆಗೆದು ಅಭ್ಯಾಸವಾಗಿದ್ದ ನಾನು ಅದೇ ಯಂತ್ರವನ್ನೂ ಅದೇ ಒತ್ತಡವನ್ನೂ ಅದೇ ಮರಳನ್ನೂ ತಂದೆ. ಕಲ್ಲು ಬೆಣ್ಣೆಯಂತೆ ಬೆಳ್ಳಗಾಯಿತು. ಎಲ್ಲರೂ ಬೆನ್ನು ತಟ್ಟಿದರು. ಮೂರನೆಯ ಮಳೆಗಾಲ ಕಳೆದ ಮೇಲೆ ಆ ದಾರಿಯಾಗಿ ಹೋದಾಗ ನಿಂತು ನೋಡಿದೆ. ಎಲೆಗಳಿಗೆ ಅಂಚಿರಲಿಲ್ಲ. ಬೆರಳಿಟ್ಟರೆ ಕಲ್ಲು ಹಿಟ್ಟಾಗಿ ಅಂಟುತ್ತಿತ್ತು. ತರಿಯಾದ ಮೈಗೆ ಧೂಳು ಇನ್ನಷ್ಟು ಹಿಡಿದು, ಮೊದಲಿಗಿಂತಲೂ ಕಪ್ಪಾಗಿತ್ತು. ಕೆತ್ತಿದ ಶಿಲ್ಪಿ ಯಾರೋ ನಾನರಿಯೆ. ಅವನು ತಿಂಗಳುಗಟ್ಟಲೆ ಮಾಡಿದ್ದನ್ನು ನಾನು ನಾಲ್ಕು ದಿನಗಳಲ್ಲಿ ಅಳಿಸಿದ್ದೆ.

ನನಗೆ ಆಗ ತಿಳಿಯದಿದ್ದುದು ಲೋಕಕ್ಕೆ ತಿಳಿದಿರಲಿಲ್ಲವೆಂದಲ್ಲ. ಅಮೆರಿಕದ ಸರ್ಕಾರವು 1970ರ ದಶಕದಲ್ಲಿಯೇ ಐತಿಹಾಸಿಕ ಕಟ್ಟಡಗಳಿಗೆ ಸ್ಯಾಂಡ್‌ಬ್ಲಾಸ್ಟಿಂಗ್ ಕೂಡದೆಂದು ತನ್ನ ಜೀರ್ಣೋದ್ಧಾರದ ನಿಯಮಗಳಲ್ಲಿ ಸೇರಿಸಿತ್ತು. 1979ರಲ್ಲಿ ಅಲ್ಲಿಯ ರಾಷ್ಟ್ರೀಯ ಉದ್ಯಾನ ಇಲಾಖೆ ಇದರ ಅಪಾಯಗಳನ್ನು ಕುರಿತೇ ಒಂದು ಕೈಪಿಡಿಯನ್ನು ಹೊರತಂದಿತ್ತು.

ಆದರೆ ಆ ಬೇಸಗೆಯಲ್ಲಿ ನಾನು ಮಾಡಿದ ದೊಡ್ಡ ತಪ್ಪು ಕಲ್ಲಿನದಲ್ಲ. ನಾಜಲು ಹಿಡಿದಿದ್ದವನು ಇಪ್ಪತ್ತೆರಡು ವರ್ಷದ ಹುಡುಗ. ನಮ್ಮ ರಾಜ್ಯದ ಬಯಲುಸೀಮೆಯಿಂದ ಹೊಟ್ಟೆಪಾಡಿಗೆ ಬಂದವನು. ಮುಖಕ್ಕೆ ಒದ್ದೆ ಬೈರಾಸು ಕಟ್ಟಿಕೊಂಡು ದಿನವಿಡೀ ಆ ಧೂಳಿನ ಮೋಡದೊಳಗೆ ನಿಲ್ಲುತ್ತಿದ್ದ. ಶುದ್ಧ ಗಾಳಿಯ ಕೊಳವೆಯಿರುವ ಶಿರಸ್ತ್ರಾಣ ನಮ್ಮ ಉಗ್ರಾಣದಲ್ಲಿ ಒಂದಿತ್ತು. ಅದು ಭಾರ, ಸೆಕೆ, ಕೆಲಸ ನಿಧಾನವಾಗುತ್ತದೆ ಎಂದು ಅವನೂ ಕೇಳಲಿಲ್ಲ, ನಾನೂ ಕೊಡಲಿಲ್ಲ. ಏಳೆಂಟು ವರ್ಷ ಅವನು ಅದೇ ಕೆಲಸದಲ್ಲಿದ್ದ. ಮೊದಲು ಒಣಕೆಮ್ಮು, ಆಮೇಲೆ ಏಣಿ ಹತ್ತಿದರೆ ಏದುಸಿರು. ಕ್ಷಯವೆಂದು ಔಷಧ ಕೊಟ್ಟರು, ಗುಣವಾಗಲಿಲ್ಲ. ಊರಿಗೆ ಹಿಂತಿರುಗಿದ ಅವನು ನಲವತ್ತು ತುಂಬುವ ಮೊದಲೇ ತೀರಿಕೊಂಡನೆಂದು ಅವನ ತಮ್ಮ ಬಂದು ಹೇಳಿದ. ಪ್ರತಿ ನವೆಂಬರಿನಲ್ಲಿ ಮೃತರಿಗಾಗಿ ನಾವು ಅರ್ಪಿಸುವ ಬಲಿಪೂಜೆಯಲ್ಲಿ ನಾನು ಆತನನ್ನು ನೆನೆಯುತ್ತೇನೆ. ನೆನೆದರೆ ಸಾಲದೆಂಬುದೂ ನನಗೆ ಗೊತ್ತು.

ಈ ರೋಗದ ಹೆಸರು ಸಿಲಿಕೋಸಿಸ್. ಮರಳೆಂದರೆ ಬಹುಮಟ್ಟಿಗೆ ಸಿಲಿಕಾ. ವೇಗದಿಂದ ಬಂದು ಹೊಡೆದಾಗ ಮರಳಿನ ಕಣ ತಾನೂ ಒಡೆದು, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಧೂಳಾಗುತ್ತದೆ. ಕಣ್ಣಿಗೆ ಕಾಣುವ ಧೂಳು ಮೂಗು ಗಂಟಲಲ್ಲಿ ನಿಲ್ಲುತ್ತದೆ. ಒಂದು ಮಿಲಿಮೀಟರಿನ ಇನ್ನೂರನೆಯ ಒಂದು ಭಾಗಕ್ಕಿಂತಲೂ ಚಿಕ್ಕದಾದುದು ಶ್ವಾಸಕೋಶದ ಕೊನೆಯ ಗೂಡಿನವರೆಗೆ ಇಳಿಯುತ್ತದೆ. ಅದನ್ನು ನುಂಗಲು ಹೋದ ದೇಹದ ರಕ್ಷಕ ಕೋಶಗಳು ತಾವೇ ಸಾಯುತ್ತವೆ; ಆ ಜಾಗದಲ್ಲಿ ಗಾಯದ ಕಲೆಯಂಥ ಗಟ್ಟಿ ಅಂಗಾಂಶ ಬೆಳೆಯುತ್ತದೆ. ಹಾಗೆ ಗಟ್ಟಿಯಾದ ಶ್ವಾಸಕೋಶ ಮತ್ತೆ ಮೆತ್ತಗಾಗುವುದಿಲ್ಲ. ಇದನ್ನು ಗುಣಪಡಿಸುವ ಔಷಧವಿಲ್ಲ. ಕ್ಷಯರೋಗ ಇಂಥವರನ್ನು ಸುಲಭವಾಗಿ ಹಿಡಿಯುತ್ತದೆ. ಸಿಲಿಕಾದ ಧೂಳು ಕ್ಯಾನ್ಸರಿಗೂ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ಸಾರಿತು. ಎರಕದ ವಸ್ತುಗಳನ್ನು ಮರಳಿನಿಂದ ಬ್ಲಾಸ್ಟಿಂಗ್ ಮಾಡುವುದನ್ನು ಬ್ರಿಟನ್ ದೇಶ 1949ರ ನಿಯಮಗಳಿಂದಲೇ ನಿಷೇಧಿಸಿತ್ತು. ನಮ್ಮ ದೇಶದಲ್ಲಿಯೂ 1948ರ ಕಾರ್ಖಾನೆಗಳ ಕಾಯಿದೆಯಲ್ಲಿ, ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸಿಲಿಕೋಸಿಸ್ ಸೇರಿತ್ತು. ಕಾಯಿದೆಯ ಪುಸ್ತಕಕ್ಕೂ ಸಾರುವೆಯ ಮೇಲೆ ನಿಂತ ಆಳಿಗೂ ನಡುವೆ ನನ್ನಂಥ ಮೇಲ್ವಿಚಾರಕನಿದ್ದ, ಅದೇ ದುರಂತ.

ಮರಳಿನ ಬದಲು ಗಾರ್ನೆಟ್ ಹರಳನ್ನೋ ಉಕ್ಕಿನ ಹರಳನ್ನೋ ಬಳಸಿದರಾಯಿತಲ್ಲವೇ ಎಂದು ಯಾರಾದರೂ ಕೇಳಬಹುದು. ಕಬ್ಬಿಣಕ್ಕೆ ಹಾಗೆಯೇ ಮಾಡಬೇಕು. ಆದರೆ ಗೋಡೆಗೆ ಅದೂ ಪರಿಹಾರವಲ್ಲ. ಏಕೆಂದರೆ ಗಾರೆಯಲ್ಲಿಯೇ ಮರಳಿದೆ. ಹೊಡೆಯುವ ಹರಳಿನಲ್ಲಿ ಸಿಲಿಕಾ ಇಲ್ಲದಿದ್ದರೂ ಗೋಡೆಯಿಂದ ಏಳುವ ಧೂಳಿನಲ್ಲಿ ಇದ್ದೇ ಇರುತ್ತದೆ. ಹಳೆಯ ಕಬ್ಬಿಣದ ಮೇಲಿರುವ ಕೆಂಪು ಬಣ್ಣದಲ್ಲಿ ಸೀಸವಿರುವ ಸಂಭವವೂ ಹೆಚ್ಚು. ಮನೆಬಳಕೆಯ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದೆಂಬ ನಿಯಮ ನಮ್ಮ ದೇಶದಲ್ಲಿ ಬಂದುದು 2016ರಲ್ಲಿ. ನಮ್ಮ ಗಂಟೆಗೋಪುರದ ಕಬ್ಬಿಣಕ್ಕೆ ಬಣ್ಣ ಬಿದ್ದುದು ಅದಕ್ಕಿಂತ ಬಹಳ ಹಿಂದೆ. ಇಗರ್ಜಿಯ ಬೇಲಿಯಾಚೆ ನಮ್ಮ ಮಕ್ಕಳ ಶಾಲೆಯಿದೆ. ಗಾಳಿ ಬೀಸುವುದು ಸಮುದ್ರದ ಕಡೆಯಿಂದ ಆ ಕಡೆಗೆ.

ಹಾಗಾದರೆ ಶತಮಾನೋತ್ಸವಕ್ಕೆ ಏನೂ ಮಾಡದೆ ಕೂರಬೇಕೇ? ನಮ್ಮಂತೆಯೇ ಶತಮಾನೋತ್ಸವವನ್ನು ಎದುರಿಗಿಟ್ಟುಕೊಂಡು ದುರಸ್ತಿ ಮಾಡಿದವರ ಒಂದು ನಿದರ್ಶನವನ್ನು ಹೇಳುತ್ತೇನೆ. ನ್ಯೂಯಾರ್ಕಿನ ಬಂದರಿನಲ್ಲಿ ನಿಂತಿರುವ ಸ್ವಾತಂತ್ರ್ಯದೇವತೆಯ ಪ್ರತಿಮೆ 1886ರಲ್ಲಿ ಅನಾವರಣಗೊಂಡಿತು. ಒಳಗೆ ಗುಸ್ತಾವ್ ಐಫೆಲ್ ರಚಿಸಿದ ಕಬ್ಬಿಣದ ಅಸ್ಥಿಪಂಜರ. ಹೊರಗೆ ಎರಡೂವರೆ ಮಿಲಿಮೀಟರಿಗೂ ತೆಳುವಾದ ತಾಮ್ರದ ಚರ್ಮ. 1984ರಿಂದ 1986ರವರೆಗೆ ಅದನ್ನು ಜೀರ್ಣೋದ್ಧಾರ ಮಾಡುವಾಗ ತಾಮ್ರದ ಒಳಮೈಯಲ್ಲಿ ಬಣ್ಣದ ಪದರಗಳೂ, ಅವುಗಳ ಕೆಳಗೆ ಗಟ್ಟಿಯಾದ ಟಾರೂ ಅಂಟಿಕೊಂಡಿದ್ದವು. ಮರಳು ಹೊಡೆದಿದ್ದರೆ ಎಲ್ಲವೂ ಒಂದೇ ಏಟಿಗೆ ಹೋಗುತ್ತಿತ್ತು, ತಾಮ್ರವೂ ಸವೆಯುತ್ತಿತ್ತು. ಅವರು ಅತಿಶೀತಲವಾದ ದ್ರವ ಸಾರಜನಕವನ್ನು ಸಿಂಪಡಿಸಿ ಬಣ್ಣವನ್ನು ಬಿರುಕುಬಿಡಿಸಿ ಉದುರಿಸಿದರು. ಟಾರನ್ನು ತೆಗೆಯಲು ಹಲವು ವಸ್ತುಗಳನ್ನು ಪರೀಕ್ಷಿಸಿ, ಕೊನೆಗೆ ನಮ್ಮ ತಾಯಂದಿರು ಅಡಿಗೆಗೆ ಹಾಕುವ ಸೋಡಾಪುಡಿಯನ್ನೇ ಆರಿಸಿದರು. ಅದು ಟಾರಿಗಿಂತ ಗಟ್ಟಿ, ತಾಮ್ರಕ್ಕಿಂತ ಮೃದು. ಅಷ್ಟು ಎಚ್ಚರದ ಮೇಲೂ ಸಂದುಗಳಿಂದ ಹೊರಗೆ ಸೋರಿದ ಪುಡಿ ಹೊರಮೈಯ ಹಸಿರನ್ನು ಅಲ್ಲಲ್ಲಿ ನೀಲಿಗೆ ತಿರುಗಿಸಿತು. ತುಕ್ಕು ತಿಂದ ಒಳಗಿನ ಕಬ್ಬಿಣದ ಪಟ್ಟಿಗಳ ಬದಲಿಗೆ ತುಕ್ಕು ಹಿಡಿಯದ ಉಕ್ಕಿನವನ್ನು ಒಂದೊಂದಾಗಿ ಕೂರಿಸಿದರು.

ಆದರೆ ಪ್ರತಿಮೆಯ ಹೊರಮೈಯ ಹಸಿರು ಕಿಲುಬನ್ನು ಅವರು ತೆಗೆಯಲಿಲ್ಲ. ಹಬ್ಬಕ್ಕೆಂದು ತಾಮ್ರವನ್ನು ಥಳಥಳಿಸುವಂತೆ ಉಜ್ಜಬಹುದಾಗಿತ್ತು. ನೂರು ವರ್ಷಗಳಲ್ಲಿ ಮೂಡಿದ ಆ ಕಿಲುಬೇ ಒಳಗಿನ ತಾಮ್ರಕ್ಕೆ ಕವಚವೆಂದು ತಿಳಿದು ಹಾಗೆಯೇ ಬಿಟ್ಟರು. ಯಾವ ಪದರ ರೋಗ, ಯಾವ ಪದರ ರಕ್ಷೆ ಎಂಬುದನ್ನು ಮೊದಲು ಅರಿತು, ಆಮೇಲೆ ಕೈ ಹಚ್ಚಿದರು. ನಮಗೂ ಬೇಕಾದುದು ಅಷ್ಟೇ ವಿವೇಕ.

ಆದುದರಿಂದ ಸಮಿತಿಯ ಮುಂದೆ ನನ್ನ ವಿನಮ್ರ ಸಲಹೆಗಳು ಇವು.

ಮೊದಲನೆಯದಾಗಿ, ಗೋಡೆಗೆ ಯಾವ ಹರಳಿನ ಬ್ಲಾಸ್ಟಿಂಗೂ ಬೇಡ. ನಮ್ಮ ಗೋಡೆಯ ಕಪ್ಪು ಹೊಗೆಯದಲ್ಲ, ಪಾಚಿಯದು. ಪಾಚಿ ಬೆಳೆಯುವುದು ನೀರು ನಿಂತಲ್ಲಿ. ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಸುರಿಯುವ ಈ ಸೀಮೆಯಲ್ಲಿ, ಮಾಡಿನ ಒಡೆದ ಹೆಂಚನ್ನು ಬದಲಿಸಿ, ಕಟ್ಟಿದ ದಂಬೆಯನ್ನು ಬಿಡಿಸಿ, ಸಂದಿನಲ್ಲಿ ಬೇರುಬಿಟ್ಟ ಅರಳಿಯ ಸಸಿಯನ್ನು ತೆಗೆಯುವುದೇ ಗೋಡೆಗೆ ಮಾಡುವ ಮೊದಲ ಶುಚಿ. ಆಮೇಲೆ ಒಣಹವೆಯಲ್ಲಿ ಹಗುರವಾದ ನೀರು, ತೆಂಗಿನ ನಾರಿನ ಬ್ರಷ್ಷು, ಅವಸರವಿಲ್ಲದ ಕೈ, ಇಷ್ಟು ಸಾಕು. ತಂತಿಬ್ರಷ್ಷು ಬೇಡ, ಆಸಿಡ್ಡೂ ಬೇಡ.

ಎರಡನೆಯದಾಗಿ, ಗಾರೆ ಬಿದ್ದ ಕಡೆ ಸುಣ್ಣದ ಗಾರೆಯಿಂದಲೇ ಮುಚ್ಚಿರಿ. ಮೇಲೆ ಸುಣ್ಣವನ್ನೇ ಬಳಿಯಿರಿ. ಸಿಮೆಂಟಿನ ಗಾರೆಯೂ ಪ್ಲಾಸ್ಟಿಕ್ಕಿನಂಥ ಪೇಂಟೂ ಗೋಡೆಯ ಉಸಿರು ಕಟ್ಟಿಸುತ್ತವೆ; ಒಳಗೆ ಸಿಕ್ಕಿದ ತೇವ ಉಪ್ಪನ್ನು ಕರಗಿಸಿ ತಂದು ಕಲ್ಲನ್ನು ಹಿಂದಿನಿಂದ ಒಡೆಯುತ್ತದೆ.

ಮೂರನೆಯದಾಗಿ, ಕಿಟಕಿಯ ಸರಳುಗಳನ್ನೂ ಗಂಟೆಯ ಕಬ್ಬಿಣದ ಚೌಕಟ್ಟನ್ನೂ ಬಿಚ್ಚಿ, ಮುಚ್ಚಿದ ಕೋಣೆಯಿರುವ ಕಾರ್ಯಾಗಾರಕ್ಕೆ ಕಳುಹಿಸಿರಿ. ಅಲ್ಲಿ ಗಾರ್ನೆಟ್ ಅಥವಾ ಉಕ್ಕಿನ ಹರಳಿನಿಂದ ‘ಎಸ್‌ಎ ಎರಡೂವರೆ’ಯಾಗಲಿ, ಅದೇ ದಿನ ಪ್ರೈಮರ್ ಬೀಳಲಿ. ಬಿಚ್ಚಲಾಗದ ಮಾಡಿನ ಕಬ್ಬಿಣವನ್ನು ಒದ್ದೆ ಮಾಡಿ, ಕೈಯಿಂದಲೇ ಕೆರೆದು, ಉದುರಿದ್ದನ್ನು ಹಾಸಿದ ತಾಡಪಾಲಿನಲ್ಲಿ ಸಂಗ್ರಹಿಸಿರಿ. ಗಂಟೆಯ ಮೈಯನ್ನು ಮಾತ್ರ ಮುಟ್ಟಬೇಡಿ. ಕಂಚಿನ ಕಿಲುಬು ಅದಕ್ಕೆ ರಕ್ಷೆ.

ನಾಲ್ಕನೆಯದಾಗಿ, ಏನನ್ನು ಮಾಡುವುದಿದ್ದರೂ ಸಕ್ರಿಸ್ತಿಯ ಹಿಂದಿನ ಗೋಡೆಯಲ್ಲಿ ಒಂದು ಚದರ ಅಡಿಯಷ್ಟು ಮಾಡಿ ನೋಡಿರಿ. ಒಂದು ಮಳೆಗಾಲ ಕಾಯುವ ತಾಳ್ಮೆಯಿರಲಿ. ನೂರು ವರ್ಷ ಕಾದ ಗೋಡೆಗೆ ನಾಲ್ಕು ತಿಂಗಳು ಹೆಚ್ಚಲ್ಲ.

ಐದನೆಯದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಕೆಲಸದವರು ಯಾರೇ ಆಗಿರಲಿ, ಅವರ ಮುಖಕ್ಕೆ ಬೈರಾಸು ಸಾಲದು. ಸೂಕ್ಷ್ಮಧೂಳನ್ನು ತಡೆಯುವ ಸರಿಯಾದ ಮುಖಗವಸನ್ನು ಧರ್ಮಕೇಂದ್ರದ ಹಣದಿಂದಲೇ ಕೊಳ್ಳಬೇಕು. ಅದು ಗುತ್ತಿಗೆದಾರರ ಜವಾಬ್ದಾರಿಯೆಂದು ನಾವು ಕೈತೊಳೆದುಕೊಳ್ಳಬಾರದು. ಕೈತೊಳೆದುಕೊಂಡವನ ಕಥೆಯನ್ನು ನಾವು ಪ್ರತಿ ಶುಭ ಶುಕ್ರವಾರ ಕೇಳುವವರು.

ಇಷ್ಟೆಲ್ಲ ಮಾಡಿದ ಮೇಲೂ ನಮ್ಮ ಇಗರ್ಜಿ ‘ಹೊಸದರ ಹಾಗೆ’ ಕಾಣುವುದಿಲ್ಲ. ಅಲ್ಲಲ್ಲಿ ಕಲೆ ಉಳಿದೀತು. ಗಾರೆಯ ತೇಪೆ ಕಂಡೀತು. ಕಾಣಲಿ. ನೂರು ವರ್ಷದ ಅಜ್ಜಿಯನ್ನು ಹಬ್ಬಕ್ಕೆ ಸಿದ್ಧಗೊಳಿಸುವಾಗ ಮೀಯಿಸಿ, ತಲೆ ಬಾಚಿ, ಒಗೆದ ಸೀರೆ ಉಡಿಸುತ್ತೇವೆ. ಸುಕ್ಕು ಹೋಗಲೆಂದು ಚರ್ಮ ಸುಲಿಯುವುದಿಲ್ಲ. ಈ ಗೋಡೆಯ ಮರೆಯಲ್ಲಿ ನಮ್ಮ ಅಜ್ಜಂದಿರು ಜ್ಞಾನಸ್ನಾನ ಪಡೆದರು, ಅದರ ಮುಂದಿನಿಂದಲೇ ಅವರ ಶವಪೆಟ್ಟಿಗೆಗಳು ಹೋದವು. ನಮ್ಮ ಮೊಮ್ಮಕ್ಕಳು ದ್ವಿಶತಮಾನೋತ್ಸವಕ್ಕೆ ಬಂದು ನಿಂತಾಗ ಅವರ ಅಂಗೈಗೆ ಹಿಟ್ಟು ಅಂಟದೆ ಗಟ್ಟಿಯಾದ ಗೋಡೆ ಸಿಗಲಿ. ಇದನ್ನು ಶುಚಿಗೊಳಿಸಿದ ಆಳುಗಳು ಸಹ ಅಷ್ಟು ದೀರ್ಘಕಾಲವಲ್ಲದಿದ್ದರೂ ತಮ್ಮ ಮೊಮ್ಮಕ್ಕಳನ್ನು ಎತ್ತಿ ಆಡಿಸುವಷ್ಟು ಕಾಲ ಸುಖವಾಗಿ ಉಸಿರಾಡಲಿ.

ಬರುವ ಭಾನುವಾರ ಸಮಿತಿ ಸೇರಿದಾಗ ಆ ಪತ್ರಕ್ಕೆ ಉತ್ತರ ಬರೆಯಬೇಕಾಗಿದೆ. ಅದನ್ನು ಬರೆಯುವ ಮೊದಲು ಈ ಮಾತುಗಳನ್ನು ಒಂದು ಸಲ ಆಲೋಚಿಸಬೇಕೆಂದು ಪ್ರಾರ್ಥಿಸುತ್ತೇನೆ.